ಘಾಟಿ ಇಳಿಯುವ ಮುನ್ನ ಬ್ರೇಕು ನೋಡಿದಿರಾ?

ನೆಂಟರ ಮದುವೆಗೋ ಮಕ್ಕಳ ರಜೆಯ ಪ್ರವಾಸಕ್ಕೋ ಹೊರಡುವ ದಿನ ಮನೆಯ ಹೆಂಗಸರಿಗೆ ಇರುವ ಕೆಲಸ ಒಂದೆರಡಲ್ಲ. ಮಕ್ಕಳ ಬಟ್ಟೆಗೆ ಇಸ್ತ್ರಿಯಾಗಬೇಕು, ದಾರಿಗೆ ರೊಟ್ಟಿ ಪಲ್ಯ ಕಟ್ಟಬೇಕು, ತಿರುವಿನಲ್ಲಿ ವಾಂತಿ ಮಾಡಿಕೊಳ್ಳುವ ಮಗುವಿಗೆಂದು ನಿಂಬೆಹಣ್ಣು ಇಟ್ಟುಕೊಳ್ಳಬೇಕು, ದಾದಿಯ ಸಕ್ಕರೆ ಕಾಯಿಲೆಯ ಮಾತ್ರೆ ಮರೆಯಬಾರದು. ಬಾಗಿಲಿಗೆ ಬೀಗ ಹಾಕಿದ ಮೇಲೂ ಗ್ಯಾಸ್ ಆರಿಸಿದ್ದೇನೆಯೇ ಎಂದು ಇನ್ನೊಮ್ಮೆ ಒಳಗೆ ಹೋಗಿ ನೋಡಿ ಬರುತ್ತೀರಿ. ಕಾರಿನಲ್ಲಿ ಕುಳಿತ ಮೇಲೆ ಮಕ್ಕಳಿಗೆ ಸಫರಿನ ದುಆ ಹೇಳಿಕೊಡುವವರೂ ಬಹುಪಾಲು ನೀವೇ. ಇಷ್ಟೆಲ್ಲವನ್ನೂ ನೆನಪಿಟ್ಟು ನೋಡುವ ನೀವು ಒಂದು ಪ್ರಶ್ನೆಯನ್ನು ಮಾತ್ರ ಯಾರಿಗೂ ಕೇಳುವುದಿಲ್ಲ. ಬ್ರೇಕು ಯಾರು ನೋಡಿದರು?

ಕಾರಿನ ವಿಷಯ ಗಂಡಸರಿಗೆ ಬಿಟ್ಟದ್ದು ಎಂದು ನೀವು ಹೇಳಬಹುದು. ಆದರೆ ಚಾಮರಾಜನಗರದಲ್ಲಾಗಲಿ ಗುಂಡ್ಲುಪೇಟೆಯಲ್ಲಾಗಲಿ ಇಂದು ಎಷ್ಟೋ ಮನೆಗಳ ಯಜಮಾನರು ಗಲ್ಫ್‌ನಲ್ಲೋ ಬೆಂಗಳೂರಿನಲ್ಲೋ ದುಡಿಯುತ್ತಿದ್ದಾರೆ, ಕಾರು ಮಾತ್ರ ಮನೆಯ ಮುಂದೆ ನಿಂತಿದೆ. ಒಂದು ದಿನ ಅದನ್ನು ಮೈದುನ ಓಡಿಸುತ್ತಾನೆ, ಇನ್ನೊಂದು ದಿನ ಮಗ ಓಡಿಸುತ್ತಾನೆ, ಕೆಲವು ಮನೆಗಳಲ್ಲಿ ನೀವೇ ಓಡಿಸುತ್ತೀರಿ. ಎಲ್ಲರೂ ಓಡಿಸುವ ಗಾಡಿಯನ್ನು ಯಾರೂ ನೋಡಿಕೊಳ್ಳುವುದಿಲ್ಲ. ಜೊತೆಗೆ ಈಚೆಗೆ ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡು, ಗ್ಯಾರೇಜಿನ ಖರ್ಚು ಉಳಿಯಿತು ಎಂದು ಅಂಗಳದಲ್ಲೇ ಚಕ್ರ ಬಿಚ್ಚಿ ಬ್ರೇಕ್ ಕೆಲಸಕ್ಕೆ ಕೈಹಾಕುವ ಹುಡುಗರೂ ಇದ್ದಾರೆ. ಅವರು ಮಾಡಬಹುದಾದದ್ದು ಯಾವುದು, ಮುಟ್ಟಲೇಬಾರದ್ದು ಯಾವುದು ಎಂಬುದು ಆ ಕಾರಿನಲ್ಲಿ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಹೋಗುವ ನಿಮಗೆ ತಿಳಿದಿರಬೇಕು.

ನಮ್ಮ ಜಿಲ್ಲೆಯವರಿಗೆ ಈ ಮಾತು ಬೇರೆಯವರಿಗಿಂತ ಹೆಚ್ಚು ಅಗತ್ಯ. ಊರಿನ ಒಳಗೆ ರಸ್ತೆ ಹೆಚ್ಚಾಗಿ ಸಮತಟ್ಟು, ಬ್ರೇಕ್ ಅರ್ಧ ಕೆಟ್ಟಿದ್ದರೂ ಸಂತೆ ಬೀದಿಯಲ್ಲಿ ಗೊತ್ತಾಗುವುದಿಲ್ಲ. ಆದರೆ ಜಿಲ್ಲೆಯ ಗಡಿ ದಾಟಿದರೆ ಇಳಿಜಾರು ಕಾದಿರುತ್ತದೆ. ಗುಂಡ್ಲುಪೇಟೆಯಿಂದ ಮುತ್ತಂಗ, ಸುಲ್ತಾನ್ ಬತ್ತೇರಿ ದಾಟಿ ಕೋಝಿಕ್ಕೋಡಿಗೆ ಹೊರಟರೆ ತಾಮರಶ್ಶೇರಿ ಘಾಟಿಯ 9 ಹೇರ್‌ಪಿನ್ ತಿರುವುಗಳು. ಚಾಮರಾಜನಗರದಿಂದ ಸತ್ಯಮಂಗಲದ ಕಡೆಗೆ ಹೋದರೆ ಹಾಸನೂರಿನ ಆಚೆ ದಿಂಬಂ ಘಾಟಿಯ 27 ತಿರುವುಗಳು. ಬಂಡೀಪುರ, ತೆಪ್ಪಕಾಡು, ಮಸಿನಗುಡಿಯ ಮೇಲೆ ಊಟಿಗೆ ಹೋದರೆ ಕಲ್ಹಟ್ಟಿಯ 36 ತಿರುವುಗಳು. ಹತ್ತುವಾಗ ಎಂಜಿನ್‌ಗೆ ಪರೀಕ್ಷೆ, ಇಳಿಯುವಾಗ ಬ್ರೇಕಿಗೆ.

ಕಲ್ಹಟ್ಟಿಯ ಹೆಸರು ಕೇಳಿದರೆ ಆ ದಾರಿಯ ಚಾಲಕರು ಇಂದಿಗೂ ಒಂದು ಕ್ಷಣ ಸುಮ್ಮನಾಗುತ್ತಾರೆ. 2018ರ ಅಕ್ಟೋಬರ್‌ನಲ್ಲಿ ಚೆನ್ನೈನಿಂದ ಬಂದಿದ್ದ ಏಳು ಮಂದಿಯಿದ್ದ ಕಾರು ಅಲ್ಲಿ ಕಣಿವೆಗೆ ಉರುಳಿ ಐದು ಮಂದಿ ತೀರಿಕೊಂಡರು. ಗಾಡಿ ಬಿದ್ದದ್ದು ಮೇಲಿನ ರಸ್ತೆಯಲ್ಲಿ ಹೋಗುವವರಿಗೆ ಕಾಣದೆ, ಅವರನ್ನು ಪತ್ತೆ ಮಾಡಲು ಎರಡು ದಿನ ಬೇಕಾಯಿತು. ಆ ಬಳಿಕ ನೀಲಗಿರಿ ಜಿಲ್ಲಾಡಳಿತ ಹೊರಗಿನ ಪ್ರವಾಸಿ ವಾಹನಗಳು ಊಟಿಯಿಂದ ಈ ದಾರಿಯಲ್ಲಿ ಇಳಿಯುವುದನ್ನು ತಡೆಯಿತು. ಹತ್ತಲು ಬಿಟ್ಟು ಇಳಿಯಲು ಬಿಡದ ಈ ನಿಯಮದ ಹಿಂದೆ ಎಷ್ಟು ಅರ್ಥವಿದೆ ಎಂಬುದು ಬ್ರೇಕು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದಾಗ ಗೊತ್ತಾಗುತ್ತದೆ.

ಬ್ರೇಕು ಎಂದರೇನು?

ನೀವು ಕಾಲಿನಿಂದ ಪೆಡಲ್ ಒತ್ತಿದಾಗ ಬಾನೆಟ್ ಕೆಳಗಿರುವ ಮಾಸ್ಟರ್ ಸಿಲಿಂಡರ್ ಎಂಬ ಸಣ್ಣ ಪಂಪು ಬ್ರೇಕ್ ಆಯಿಲನ್ನು ತೆಳುವಾದ ಪೈಪುಗಳ ಮೂಲಕ ನಾಲ್ಕೂ ಚಕ್ರಗಳತ್ತ ತಳ್ಳುತ್ತದೆ. ಚಕ್ರದ ಬಳಿ ಆ ಆಯಿಲ್ ಒತ್ತಿದ ರಭಸಕ್ಕೆ ಬ್ರೇಕ್ ಪ್ಯಾಡುಗಳು ಚಕ್ರದೊಡನೆ ತಿರುಗುವ ಕಬ್ಬಿಣದ ಡಿಸ್ಕನ್ನು ಎರಡೂ ಕಡೆಯಿಂದ ಹಿಡಿಯುತ್ತವೆ. ನಮ್ಮ ಕಡೆಯ ಹೆಚ್ಚಿನ ಸಣ್ಣ ಕಾರುಗಳಲ್ಲಿ ಮುಂದಿನ ಚಕ್ರಕ್ಕೆ ಡಿಸ್ಕ್, ಹಿಂದಿನ ಚಕ್ರಕ್ಕೆ ಡ್ರಮ್ ಇರುತ್ತದೆ. ಡ್ರಮ್ಮಿನ ಒಳಗಿರುವ ಬ್ರೇಕ್ ಶೂಗಳು ಒಳಗಿನಿಂದ ಹೊರಕ್ಕೆ ಅಗಲಿ ಉಜ್ಜುತ್ತವೆ. ಗಾಡಿ ನಿಲ್ಲುವಾಗ ಭಾರ ಮುಂದಕ್ಕೆ ವಾಲುವುದರಿಂದ ಹೆಚ್ಚಿನ ಕೆಲಸ ಮುಂದಿನ ಬ್ರೇಕಿನದೇ. ಹ್ಯಾಂಡ್ ಬ್ರೇಕ್ ಸಾಮಾನ್ಯವಾಗಿ ಈ ಆಯಿಲಿನ ವ್ಯವಸ್ಥೆಗೆ ಸೇರಿದ್ದಲ್ಲ. ಅದು ಒಂದು ತಂತಿಯ ಮೂಲಕ ಹಿಂದಿನ ಚಕ್ರಗಳನ್ನು ಹಿಡಿಯುತ್ತದೆ. ಈ ವ್ಯತ್ಯಾಸವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಹೀಗೆ ಉಜ್ಜಿದಾಗ ಓಡುವ ಗಾಡಿಯ ವೇಗ ಎಲ್ಲಿಗೆ ಹೋಗುತ್ತದೆ? ಬಿಸಿಯಾಗಿ ಬದಲಾಗುತ್ತದೆ. ಊಟಿ ಸಮುದ್ರಮಟ್ಟದಿಂದ 2,200 ಮೀಟರ್‌ಗೂ ಎತ್ತರದಲ್ಲಿದೆ, ಮಸಿನಗುಡಿ ಸುಮಾರು ಸಾವಿರ ಮೀಟರ್ ಎತ್ತರದಲ್ಲಿದೆ. ಐದು ಜನ ಮತ್ತು ಸಾಮಾನು ಸೇರಿ ಸಾವಿರ ಕಿಲೋ ತೂಗುವ ಸಣ್ಣ ಕಾರೊಂದನ್ನು ಅಷ್ಟು ಎತ್ತರದಿಂದ ಬರೀ ಬ್ರೇಕಿನ ಬಲದಿಂದ ಇಳಿಸಿದರೆ ಹುಟ್ಟುವ ಬಿಸಿಯು 35 ಲೀಟರ್‌ನಷ್ಟು ತಣ್ಣೀರನ್ನು ಕುದಿಯುವ ಹದಕ್ಕೆ ತರಲು ಸಾಕು. ಒಂದು ದೊಡ್ಡ ದೇಗ್ ನೀರನ್ನು ಕುದಿಸಲು ನೀವು ಎಷ್ಟು ಸೌದೆ ಉರಿಸುತ್ತೀರಿ ಎಂದು ಯೋಚಿಸಿ. ಅಷ್ಟು ಬೆಂಕಿಯನ್ನು ಅಂಗೈ ಅಗಲದ ನಾಲ್ಕು ಪ್ಯಾಡುಗಳು ಮತ್ತು ಹಿಂದಿನ ಶೂಗಳು ತಡೆದುಕೊಳ್ಳಬೇಕು. ಇನ್ನು ಎಂಟು ಸೀಟಿನ ಓಮ್ನಿಯಲ್ಲಿ ಹನ್ನೆರಡು ಜನ ಕುಳಿತು, ಮೇಲೆ ಬಿರಿಯಾನಿಯ ದೇಗು, ಹಾಸಿಗೆ ಕಟ್ಟಿಕೊಂಡು ವಲೀಮಾಗೆ ಹೊರಟರೆ ಆ ಲೆಕ್ಕ ಇನ್ನೂ ಮೇಲೇರುತ್ತದೆ.

ಇಲ್ಲಿಯೇ ಹಳೆಯ ಬ್ರೇಕ್ ಆಯಿಲ್ ಮೋಸ ಮಾಡುವುದು. ಮಳೆಗಾಲದಲ್ಲಿ ಮುಚ್ಚಳ ತೆರೆದಿಟ್ಟ ಉಪ್ಪಿನ ಡಬ್ಬಿ ಹೇಗೆ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆಯೋ ಹಾಗೆಯೇ ಬ್ರೇಕ್ ಆಯಿಲ್ ಕೂಡ ನಿಧಾನವಾಗಿ ನೀರನ್ನು ಹೀರಿಕೊಳ್ಳುತ್ತದೆ. ಡಾಟ್ 3 ಎಂದು ಬರೆದ ಹೊಸ ಆಯಿಲ್ 205 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಕುದಿಯಬಾರದು ಎಂಬುದು ನಿಯಮ. ನೀರು ಸೇರಿದ ಮೇಲೆ ಅದೇ ಆಯಿಲಿಗೆ ನಿಗದಿಯಾದ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಡಾಟ್ 4ಕ್ಕೆ ಈ ಲೆಕ್ಕ 230 ಮತ್ತು 155. ಘಾಟಿಯ ಬಿಸಿಯಲ್ಲಿ ಹಳೆಯ ಆಯಿಲ್ ಪೈಪಿನೊಳಗೇ ಕುದಿದು ಗುಳ್ಳೆಯೇಳುತ್ತದೆ. ದ್ರವವನ್ನು ಅದುಮಿ ಕುಗ್ಗಿಸಲಾಗದು, ಆದರೆ ಗುಳ್ಳೆಯನ್ನು ಕುಗ್ಗಿಸಬಹುದು. ಆಗ ನೀವು ಎಷ್ಟು ಒತ್ತಿದರೂ ಗುಳ್ಳೆ ಕುಗ್ಗುತ್ತದೆಯೇ ಹೊರತು ಪ್ಯಾಡು ಹಿಡಿಯುವುದಿಲ್ಲ, ಪೆಡಲ್ ಹತ್ತಿಯ ದಿಂಬಿನಂತೆ ಒಳಗೆ ಹೋಗುತ್ತದೆ. ಊರಿನಲ್ಲಿ ಸರಿಯಾಗಿದ್ದ ಬ್ರೇಕು ಇಪ್ಪತ್ತನೇ ತಿರುವಿನಲ್ಲಿ ಮಾಯವಾಗುವುದಕ್ಕೆ ಇದೊಂದು ಕಾರಣ. ಆದ್ದರಿಂದ ಗಾಡಿ ಹೆಚ್ಚು ಓಡಲಿ ಬಿಡಲಿ, ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಬೇಕು. ಶೆಡ್ಡಿನಲ್ಲಿ ಸುಮ್ಮನೆ ನಿಂತ ಕಾರಿನ ಆಯಿಲೂ ನೀರು ಕುಡಿಯುತ್ತಲೇ ಇರುತ್ತದೆ. ಯಜಮಾನರು ರಜೆಗೆ ಬಂದ ದಿನವೇ ಕಾರಿನ ಧೂಳು ಒರೆಸಿ ಊಟಿಗೆ ಹೊರಡುವ ಮನೆಯವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಐದು ನಿಮಿಷದ ಪರೀಕ್ಷೆ

ಹೊರಡುವ ದಿನವಲ್ಲ, ಅದಕ್ಕೆ ಎರಡು ದಿನ ಮುಂಚೆ ಇದನ್ನು ಮಾಡಿ. ಹೊರಡುವ ದಿನ ದೋಷ ಕಂಡರೆ ‘ಪರವಾಗಿಲ್ಲ, ಬಂದ ಮೇಲೆ ನೋಡೋಣ’ ಎನ್ನುವ ಮಾತು ಮನೆಯಲ್ಲಿ ಬಂದೇ ಬರುತ್ತದೆ. ಇದಕ್ಕೆ ಯಾವ ಪಾನಾ, ಸ್ಪ್ಯಾನರೂ ಬೇಡ, ಗಾಡಿ ಓಡಿಸಲು ಬರಬೇಕೆಂದೂ ಇಲ್ಲ.

ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಎಂಜಿನ್ ಆರಿಸಿದ ಗಾಡಿಯಲ್ಲಿ ಕುಳಿತು ಬ್ರೇಕ್ ಪೆಡಲನ್ನು ನಾಲ್ಕೈದು ಬಾರಿ ಒತ್ತಿ ಬಿಡಿ. ಪೆಡಲ್ ಗಟ್ಟಿಯಾಗುತ್ತದೆ. ಈಗ ಅದನ್ನು ಒತ್ತಿಹಿಡಿದು ಮೂವತ್ತು ಎಣಿಸಿ. ಪಾದದ ಕೆಳಗೆ ಪೆಡಲ್ ಮೆಲ್ಲನೆ ಕುಸಿಯುತ್ತಾ ಹೋದರೆ ಎಲ್ಲಿಯೋ ಆಯಿಲ್ ಸೋರುತ್ತಿದೆ ಅಥವಾ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಹೋಗಿದೆ ಎಂದರ್ಥ. ಪೆಡಲ್ ಹಿಡಿದಿರುವಂತೆಯೇ ಎಂಜಿನ್ ಸ್ಟಾರ್ಟ್ ಮಾಡಿ. ಪೆಡಲ್ ತುಸು ಕೆಳಗಿಳಿದು ನಿಲ್ಲಬೇಕು. ಇಳಿಯದೆ ಕಲ್ಲಿನಂತೆ ಇದ್ದರೆ ಕಾಲಿನ ಬಲವನ್ನು ಹೆಚ್ಚಿಸುವ ಬೂಸ್ಟರ್ ಕೆಲಸ ಮಾಡುತ್ತಿಲ್ಲ. ಒತ್ತುವಾಗ ಸ್ಪಂಜಿನಂತೆ ಮೆತ್ತಗಿದ್ದು, ಮೂರ್ನಾಲ್ಕು ಬಾರಿ ಒತ್ತಿದ ಮೇಲಷ್ಟೇ ಗಟ್ಟಿಯಾದರೆ ಪೈಪಿನಲ್ಲಿ ಗಾಳಿ ಸೇರಿದೆ.

ಬಾನೆಟ್ ಎತ್ತಿ ನೋಡಿದರೆ ಚಾಲಕನ ಸೀಟಿನ ನೇರಕ್ಕೆ ಒಂದು ಸಣ್ಣ ಬಿಳಿಯ ಪ್ಲಾಸ್ಟಿಕ್ ಡಬ್ಬಿ ಇರುತ್ತದೆ. ಅದರ ಮೇಲೆ ಮ್ಯಾಕ್ಸ್, ಮಿನ್ ಎಂಬ ಎರಡು ಗೆರೆಗಳು. ಆಯಿಲ್ ಇವೆರಡರ ನಡುವೆ ಇರಬೇಕು. ಪ್ಯಾಡು ಸವೆದಂತೆ ಅದು ತಿಂಗಳುಗಳ ಅವಧಿಯಲ್ಲಿ ಸ್ವಲ್ಪ ಇಳಿಯುವುದು ಸಹಜ. ಕಳೆದ ವಾರ ತುಂಬಿದ್ದು ಈ ವಾರ ಇಳಿದಿದ್ದರೆ ಅದು ಸೋರಿಕೆ. ಅಲ್ಲಿಗೆ ಮತ್ತಷ್ಟು ಆಯಿಲ್ ಸುರಿದು ಹೊರಡುವುದು ಒಡೆದ ಕೊಡಕ್ಕೆ ನೀರು ತುಂಬಿದಂತೆ. ಬಳಿಕ ನಾಲ್ಕೂ ಚಕ್ರಗಳ ಒಳಬದಿಯನ್ನು ಟಾರ್ಚ್ ಹಾಕಿ ನೋಡಿ, ತೇವವೋ ಜಿಡ್ಡೋ ಇಳಿದ ಗೆರೆ ಇದೆಯೇ ಎಂದು. ಕೊನೆಯದಾಗಿ ಡ್ರೈವರ್ ಕಾಲಿನ ಕೆಳಗೆ ನೋಡಿ. ಮ್ಯಾಟ್ ಮಡಚಿಕೊಂಡು ಪೆಡಲಿಗೆ ಅಡ್ಡವಾಗುವುದು, ಮಕ್ಕಳ ನೀರಿನ ಬಾಟಲಿ ಉರುಳಿಬಂದು ಪೆಡಲ್ ಕೆಳಗೆ ಸಿಕ್ಕಿಕೊಳ್ಳುವುದು ನಗುವ ವಿಷಯವಲ್ಲ. ಇಳಿಜಾರಿನಲ್ಲಿ ಸಾಮಾನು ತಾನಾಗಿಯೇ ಮುಂದಕ್ಕೆ ಉರುಳುತ್ತದೆ. ನೀವೇ ಓಡಿಸುವವರಾದರೆ ಬುರ್ಖಾದ ಅಂಚು ಪೆಡಲಿಗೆ ಸಿಕ್ಕದಂತೆ ಸರಿಪಡಿಸಿಕೊಳ್ಳಿ, ಹಿಮ್ಮಡಿ ಎತ್ತರದ ಚಪ್ಪಲಿ ಬೇಡ.

ಓಡುವಾಗಿನ ಲಕ್ಷಣಗಳನ್ನು ಮೊದಲು ಕೇಳಿಸಿಕೊಳ್ಳುವವರು ಪಕ್ಕದಲ್ಲಿ ಕುಳಿತವರೇ. ಬ್ರೇಕ್ ಹಾಕಿದಾಗ ಕೀಚ್ ಎಂಬ ತೆಳು ಸದ್ದು ಪ್ಯಾಡು ಸವೆದಿದೆ ಎಂಬ ಎಚ್ಚರಿಕೆ. ಎಷ್ಟೋ ಪ್ಯಾಡುಗಳಲ್ಲಿ ಇದಕ್ಕೆಂದೇ ಸಣ್ಣ ಲೋಹದ ಪಟ್ಟಿ ಇಟ್ಟಿರುತ್ತಾರೆ. ಕರಕರ ಎಂದು ಕಬ್ಬಿಣ ಕೆರೆದಂತೆ ಕೇಳಿಸಿದರೆ ಪ್ಯಾಡು ಮುಗಿದು ಲೋಹಕ್ಕೆ ಲೋಹ ಉಜ್ಜುತ್ತಿದೆ. ಬ್ರೇಕ್ ಹಾಕಿದೊಡನೆ ಗಾಡಿ ಒಂದು ಬದಿಗೆ ಎಳೆದರೆ ಒಂದು ಚಕ್ರದ ಬ್ರೇಕು ಹಿಡಿದು ಇನ್ನೊಂದರದ್ದು ಹಿಡಿಯುತ್ತಿಲ್ಲ. ಹ್ಯಾಂಡ್ ಬ್ರೇಕ್ ಇಳಿಸಿದ ಮೇಲೂ ಡ್ಯಾಶ್‌ಬೋರ್ಡಿನ ಕೆಂಪು ದೀಪ ಆರದಿದ್ದರೆ ಆಯಿಲ್ ಕಡಿಮೆಯಾಗಿರಬಹುದು. ಇವುಗಳಲ್ಲಿ ಯಾವುದು ಕಂಡರೂ ಆ ಗಾಡಿ ಘಾಟಿಗೆ ಹೋಗಬಾರದು. ‘ನಾವು ಬರುವುದಿಲ್ಲ, ಬಸ್ಸಿನಲ್ಲಿ ಹೋಗುತ್ತೇವೆ’ ಎಂದು ಹೇಳುವ ಹಕ್ಕು ನಿಮಗಿದೆ. ಅತ್ತೆಯವರೆದುರು ಹೇಳಲು ಸಂಕೋಚವಾದರೆ ಅತ್ತೆಯವರಿಗೇ ಮೊದಲು ವಿಷಯ ತಿಳಿಸಿ. ಮೊಮ್ಮಕ್ಕಳ ವಿಷಯ ಬಂದಾಗ ಮನೆಯಲ್ಲಿ ದಾದಿಯ ಮಾತನ್ನು ಮೀರುವವರು ಕಡಿಮೆ.

ಅಂಗಳದಲ್ಲಿ ಮಾಡಬಹುದಾದದ್ದು

ಮುಂದಿನ ಡಿಸ್ಕಿನ ಪ್ಯಾಡು ಬದಲಿಸುವುದು ಕೈಪಳಗಿದವನಿಗೆ ದೊಡ್ಡ ಕೆಲಸವಲ್ಲ. ಒಬ್ಬ ಮೆಕ್ಯಾನಿಕ್‌ನ ಜೊತೆ ಎರಡು ಮೂರು ಬಾರಿ ಕುಳಿತು ಮಾಡಿದ ಹುಡುಗ ನಿಮ್ಮ ಮನೆಯಲ್ಲಿದ್ದರೆ ಮಾಡಲಿ. ಬರೀ ವಿಡಿಯೋ ನೋಡಿದವನಾದರೆ ಮೊದಲನೆಯ ಬಾರಿ ಬಲ್ಲವರೊಬ್ಬರು ಪಕ್ಕದಲ್ಲಿರಲಿ. ನೀವು ಬಾಗಿಲಲ್ಲಿ ನಿಂತು ನೋಡಬೇಕಾದ ಕೆಲವು ಸಂಗತಿಗಳಿವೆ.

ಎಲ್ಲಕ್ಕಿಂತ ಮೊದಲು ಜಾಕಿ. ಗಾಡಿಯ ಜೊತೆ ಬರುವ ಜಾಕಿ ಸ್ಟೆಪ್ನಿ ಬದಲಿಸಲು ಮಾತ್ರ. ಅದರ ಮೇಲೆ ನಿಂತ ಗಾಡಿಯ ಕೆಳಗೆ ಕೈಯನ್ನೂ ತೂರಿಸಬಾರದು. ಗಟ್ಟಿ ಸಮನೆಲದಲ್ಲಿ ಗಾಡಿಯನ್ನು ಗೇರಿನಲ್ಲಿಟ್ಟು, ನೆಲದಲ್ಲೇ ಉಳಿಯುವ ಚಕ್ರಗಳ ಹಿಂದೆ ಮುಂದೆ ಕಲ್ಲು ಕೊಟ್ಟು, ಚಕ್ರದ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಸಡಿಲಿಸಿ, ಎತ್ತಿದ ಮೇಲೆ ಕಬ್ಬಿಣದ ಸ್ಟ್ಯಾಂಡ್ ಕೊಡಬೇಕು. ಇಟ್ಟಿಗೆ, ಸಿಮೆಂಟಿನ ಬ್ಲಾಕ್ ಕೊಡುವುದನ್ನು ನಮ್ಮ ಕಡೆ ಎಲ್ಲೆಲ್ಲೂ ಕಾಣುತ್ತೇವೆ. ಅವು ಭಾರಕ್ಕೆ ಮುನ್ಸೂಚನೆಯಿಲ್ಲದೆ ಪುಡಿಯಾಗುತ್ತವೆ. ಆಟವಾಡುವ ಮಕ್ಕಳನ್ನು ಅಂದು ಅಂಗಳಕ್ಕೆ ಬಿಡಬೇಡಿ.

ಪ್ಯಾಡಿನ ಉಜ್ಜುವ ಭಾಗ ಮೂರು ಮಿಲಿಮೀಟರಿನಷ್ಟಕ್ಕೆ ಬಂದರೆ ಬದಲಿಸುವುದು ವಾಡಿಕೆ. ಒಂದು ಬದಿಯದ್ದು ಮಾತ್ರ ಸವೆದಿದ್ದರೂ ಎಡ ಬಲ ಎರಡನ್ನೂ ಒಟ್ಟಿಗೇ ಬದಲಿಸಬೇಕು. ಬಿಚ್ಚಿದ ಕ್ಯಾಲಿಪರನ್ನು ರಬ್ಬರ್ ಪೈಪಿನಲ್ಲೇ ನೇತುಬಿಡದೆ ತಂತಿಯಿಂದ ಕಟ್ಟಿ ತೂಗಹಾಕಬೇಕು. ಹೊಸ ಪ್ಯಾಡಿಗೆ ಎಣ್ಣೆ, ಗ್ರೀಸ್ ಸೋಕಬಾರದು. ಇದೆಲ್ಲ ಸರಿಯಾಗಿ ಮಾಡಿದವರೂ ಒಂದು ವಿಷಯವನ್ನು ಮರೆಯುತ್ತಾರೆ. ಹೊಸ ಪ್ಯಾಡು ಕೂರಿಸಲು ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿರುವುದರಿಂದ ಮೊದಲ ಬಾರಿ ಒತ್ತಿದಾಗ ಪೆಡಲ್ ಪೂರ್ತಿ ಒಳಗೆ ಹೋಗುತ್ತದೆ, ಬ್ರೇಕೇ ಇರುವುದಿಲ್ಲ. ಗಾಡಿಯನ್ನು ಒಂದಡಿ ಕದಲಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಹಲವು ಬಾರಿ ಒತ್ತಬೇಕು. ಆಮೇಲೆ ಖಾಲಿ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ ನೋಡಬೇಕು. ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳಲು ಕೆಲವು ದಿನದ ಓಡಾಟ ಬೇಕು, ಹಾಕಿದ ಮರುದಿನವೇ ಘಾಟಿಗೆ ಹೊರಡುವುದು ಸರಿಯಲ್ಲ.

ಗಾಳಿ ತೆಗೆಯುವುದು, ಅಂದರೆ ಬ್ಲೀಡಿಂಗ್, ಇಬ್ಬರ ಕೆಲಸ. ಒಬ್ಬರು ಪೆಡಲ್ ಮೇಲೆ, ಇನ್ನೊಬ್ಬರು ಚಕ್ರದ ಬಳಿ. ಪೆಡಲ್ ಒತ್ತಿಹಿಡಿಯಲು ಅನೇಕ ಮನೆಗಳಲ್ಲಿ ಹೆಂಡತಿಯನ್ನೋ ತಂಗಿಯನ್ನೋ ಕರೆಯುತ್ತಾರೆ. ಕರೆದರೆ ಕ್ರಮ ತಿಳಿದಿರಲಿ. ಅವರು ಒತ್ತು ಎಂದಾಗ ಒತ್ತಿಹಿಡಿಯಬೇಕು. ಚಕ್ರದ ಬಳಿಯ ನಿಪ್ಪಲ್ ತೆರೆದಾಗ ಪೆಡಲ್ ಕುಸಿಯುತ್ತದೆ, ಆಗಲೂ ಕಾಲು ತೆಗೆಯಬಾರದು. ನಿಪ್ಪಲ್ ಮುಚ್ಚಿದೆ ಎಂದು ಅವರು ಬಾಯಿಬಿಟ್ಟು ಹೇಳಿದ ಮೇಲೆಯೇ ಬಿಡಬೇಕು. ಮುಂಚೆಯೇ ಬಿಟ್ಟರೆ ಹೊರಗಿನ ಗಾಳಿ ಒಳಕ್ಕೆ ಎಳೆದುಕೊಂಡು ಮಾಡಿದ್ದೆಲ್ಲ ವ್ಯರ್ಥ. ನಡುನಡುವೆ ಡಬ್ಬಿಯ ಆಯಿಲ್ ತಳ ಕಾಣದಂತೆ ತುಂಬುತ್ತಿರಬೇಕು. ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ನಮೂನೆಯ ಆಯಿಲನ್ನೇ, ಸೀಲ್ ಒಡೆಯದ ಬಾಟಲಿಯಿಂದ ಹಾಕಬೇಕು. ಹೋದ ವರ್ಷ ಅರ್ಧ ಉಳಿದದ್ದು ಬೇಡ. ಎಂಜಿನ್ ಆಯಿಲಂತೂ ಒಂದು ಹನಿಯೂ ಸೇರಬಾರದು, ಅದು ಒಳಗಿನ ರಬ್ಬರುಗಳನ್ನು ಉಬ್ಬಿಸಿ ಇಡೀ ವ್ಯವಸ್ಥೆಯನ್ನು ಹಾಳುಮಾಡುತ್ತದೆ. ಬ್ರೇಕ್ ಆಯಿಲ್ ಕಾರಿನ ಬಣ್ಣವನ್ನು ಕೀಳುತ್ತದೆ, ಕಣ್ಣಿಗೆ, ಚರ್ಮಕ್ಕೆ ಕೆಟ್ಟದ್ದು. ಹಳೆಯ ಆಯಿಲನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ತುಂಬಿಡಲು ಬಿಡಬೇಡಿ, ಮನೆಯಲ್ಲಿ ಮಕ್ಕಳಿದ್ದಾರೆ.

ಇದರಾಚೆಯದು ಗ್ಯಾರೇಜಿನ ಕೆಲಸ. ಹಿಂದಿನ ಡ್ರಮ್ಮಿನ ಶೂ ಮತ್ತು ಸ್ಪ್ರಿಂಗುಗಳು, ಮಾಸ್ಟರ್ ಸಿಲಿಂಡರ್, ಬೂಸ್ಟರ್, ತುಕ್ಕು ಹಿಡಿದ ಪೈಪು, ಎಬಿಎಸ್ ಇವುಗಳಿಗೆ ಮನೆಯಲ್ಲಿ ಕೈಹಾಕಬಾರದು. 2019ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ತಯಾರಾಗುವ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯವಾಗಿದೆ. ಅಂಥ ಗಾಡಿಯ ಎಬಿಎಸ್ ಘಟಕದೊಳಗೆ ಗಾಳಿ ಸೇರಿದರೆ ತೆಗೆಯಲು ಗ್ಯಾರೇಜಿನ ಉಪಕರಣ ಬೇಕಾಗುತ್ತದೆ. ಸೋರುವ ಪೈಪಿಗೆ ಟೇಪು ಸುತ್ತುವ, ಎಂ-ಸೀಲ್ ಹಚ್ಚುವ ಜಾಣತನವನ್ನು ನೀರಿನ ನಲ್ಲಿಗೆ ಉಳಿಸಿಕೊಳ್ಳಲಿ.

ಗ್ಯಾರೇಜಿನಲ್ಲಿ ದುಡಿಯುವವರ ಮನೆಗಳಲ್ಲಿ ಈ ಪತ್ರಿಕೆ ಓದುವ ಸಹೋದರಿಯರಿಗೆ ಇನ್ನೊಂದು ಮಾತು. ಹಳೆಯ ಬ್ರೇಕ್ ಲೈನರುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರುತ್ತಿತ್ತು. ಅಗ್ಗದ ಮಾಲಿನಲ್ಲಿ ಇಲ್ಲವೆಂದು ಈಗಲೂ ನಂಬಿ ಕೂರಲಾಗದು. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಕಲ್ನಾರಿನ ಕೆಲಸಗಾರರ ಬಟ್ಟೆ ಒಗೆದ ಮನೆಯವರಿಗೂ ಆ ಧೂಳಿನಿಂದ ಕಾಯಿಲೆ ಬಂದದ್ದು ಹೊರದೇಶಗಳಲ್ಲಿ ದಾಖಲಾಗಿದೆ. ಡ್ರಮ್ಮಿನ ಧೂಳನ್ನು ಬಾಯಿಯಿಂದ ಊದುವುದು, ಏರ್ ಪೈಪಿನಿಂದ ಹಾರಿಸುವುದು ಬೇಡ, ಒದ್ದೆ ಬಟ್ಟೆಯಿಂದ ಒರೆಸಬೇಕು. ಕೆಲಸದ ಬಟ್ಟೆಯನ್ನು ಮನೆಯೊಳಗೆ ಕೊಡವದೆ ನೀರಿನಲ್ಲಿ ನೆನೆಸಿ ಬೇರೆಯಾಗಿ ಒಗೆಯಿರಿ. ಮಗು ಅಬ್ಬಾ ಎಂದು ಓಡಿಬಂದು ಅಪ್ಪಿಕೊಳ್ಳುವ ಮೊದಲು ಬಟ್ಟೆ ಬದಲಿಸುವ ಅಭ್ಯಾಸವಾಗಲಿ.

ಇಳಿಜಾರಿನಲ್ಲಿ

ಬ್ರೇಕು ಎಷ್ಟೇ ಚೆನ್ನಾಗಿದ್ದರೂ ಘಾಟಿಯನ್ನು ಇಳಿಸಬೇಕಾದದ್ದು ಗೇರು. ಹತ್ತಲು ಯಾವ ಗೇರು ಬೇಕಾಯಿತೋ ಇಳಿಯಲೂ ಅದೇ ಗೇರು ಎಂಬುದು ಹಳೆಯ ಚಾಲಕರ ಲೆಕ್ಕ. ಎರಡನೇ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ, ಬ್ರೇಕಿಗೆ ತಿರುವಿನಲ್ಲಷ್ಟೇ ಕೆಲಸ. ಕಾಲನ್ನು ಪೆಡಲ್ ಮೇಲೆ ಇಟ್ಟೇ ಇರುವುದಕ್ಕಿಂತ, ಬೇಕಾದಾಗ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ ಬಿಟ್ಟುಬಿಡುವುದು ಮೇಲು. ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ, ಕೆಲವರು ಎಂಜಿನ್ನನ್ನೇ ಆರಿಸಿ ಗಾಡಿ ಬಿಡುತ್ತಾರೆ. ಎಂಜಿನ್ ಆರಿದರೆ ಬೂಸ್ಟರಿನ ಬಲ ಎರಡು ಮೂರು ಒತ್ತಿಗೆ ಮುಗಿಯುತ್ತದೆ, ಕೀ ತೆಗೆದರೆ ಸ್ಟೇರಿಂಗೇ ಲಾಕ್ ಆಗಬಹುದು. ಉಳಿಯುವುದು ಕಾಲು ಲೀಟರ್ ಪೆಟ್ರೋಲೂ ಅಲ್ಲ.

ನಮ್ಮ ದಾರಿಯಲ್ಲಿ ಇನ್ನೊಂದು ಅವಸರವಿದೆ. ಬಂಡೀಪುರದ ಕಾಡಿನಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರಕ್ಕೆ ತಡೆ ಇದೆ. ದಿಂಬಂ ದಾರಿಯಲ್ಲೂ 2022ರಿಂದ ರಾತ್ರಿ ನಿರ್ಬಂಧ ಬಂದಿದೆ. ಮದುವೆ ಮನೆಯಲ್ಲಿ ಎಲ್ಲರಿಗೂ ಸಲಾಂ ಹೇಳಿ ಹೊರಡುವಷ್ಟರಲ್ಲಿ ಸಂಜೆಯಾಗಿರುತ್ತದೆ, ಗೇಟು ಮುಚ್ಚುವ ಮೊದಲು ಮುಟ್ಟಬೇಕೆಂದು ಗಾಡಿ ಓಡಿಸುತ್ತಾರೆ. ಗೂಡಲೂರಿನ ಇಳಿಜಾರಿನಲ್ಲಿ ಉಳಿಸಿದ ಹತ್ತು ನಿಮಿಷಕ್ಕೆ ಬ್ರೇಕು ಬೆಲೆ ಕೊಡುತ್ತದೆ. ಊಟ ಮುಗಿದೊಡನೆ ಹೊರಡಿಸುವ ಜವಾಬ್ದಾರಿಯನ್ನು ನೀವೇ ವಹಿಸಿಕೊಳ್ಳಿ. ತಡವಾದರೆ ಆ ರಾತ್ರಿ ಅಲ್ಲೇ ಉಳಿಯಿರಿ.

ಸುಟ್ಟ ವಾಸನೆ ಬಂದರೆ, ಪೆಡಲ್ ಮೆತ್ತಗಾದರೆ ಕೂಡಲೇ ಅಗಲವಾದ ಜಾಗದಲ್ಲಿ ನಿಲ್ಲಿಸಿ, ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು ಅರ್ಧ ಗಂಟೆ ಕಾಯಬೇಕು. ಕಾದ ಡಿಸ್ಕಿಗೆ ನೀರು ಸುರಿಯಬಾರದು, ಅದು ಸೊಟ್ಟಗಾಗಬಹುದು ಅಥವಾ ಸೀಳಬಹುದು. ಓಡುವಾಗಲೇ ಬ್ರೇಕು ಪೂರ್ತಿ ಹೋದರೆ ಪೆಡಲನ್ನು ಪಟಪಟನೆ ಪಂಪ್ ಮಾಡಬೇಕು. ಈಗಿನ ಕಾರುಗಳಲ್ಲಿ ಆಯಿಲ್ ಎರಡು ಪ್ರತ್ಯೇಕ ದಾರಿಗಳಲ್ಲಿ ಹೋಗುವುದರಿಂದ ಅರ್ಧ ಬ್ರೇಕಾದರೂ ಸಿಗಬಹುದು. ಜೊತೆಗೆ ಗೇರನ್ನು ಒಂದೊಂದಾಗಿ ಇಳಿಸಬೇಕು. ಹ್ಯಾಂಡ್ ಬ್ರೇಕನ್ನು ಒಮ್ಮೆಲೇ ಎಳೆದರೆ ಹಿಂದಿನ ಚಕ್ರ ಜಾರುತ್ತದೆ, ತುದಿಯ ಗುಂಡಿ ಒತ್ತಿಹಿಡಿದು ಮೆಲ್ಲಮೆಲ್ಲನೆ ಎಳೆಯಬೇಕು. ಆಯಿಲ್ ಇಲ್ಲದೆಯೂ ಅದು ಹಿಡಿಯುವುದು ಮೊದಲೇ ಹೇಳಿದ ತಂತಿಯಿಂದ. ಎಂಜಿನ್ ಆರಿಸಬಾರದು. ಏನೂ ಆಗದಿದ್ದರೆ ಕಣಿವೆಯ ಕಡೆಗಲ್ಲ, ಬೆಟ್ಟದ ಗೋಡೆಯ ಕಡೆಗೆ ಗಾಡಿಯನ್ನು ಉಜ್ಜಿಸಿ ನಿಲ್ಲಿಸಬೇಕು. ಆ ಹೊತ್ತಿನಲ್ಲಿ ಹಿಂದೆ ಕುಳಿತವರು ಕಿರುಚದಿರುವುದೂ ಓಡಿಸುವವನಿಗೆ ಒಂದು ಸಹಾಯ.

ಹೊಣೆ ಯಾರದು?

‘ಅಲ್ಲಾಹ್ ಇದ್ದಾನೆ, ಏನೂ ಆಗುವುದಿಲ್ಲ ಬನ್ನಿ’ ಎಂದು ಹೇಳುವ ಹಿರಿಯರು ನಮ್ಮಲ್ಲಿದ್ದಾರೆ. ಒಂಟೆಯನ್ನು ಕಟ್ಟದೆ ಬಿಟ್ಟು ತವಕ್ಕುಲ್ ಇಡಲೇ ಎಂದು ಕೇಳಿದ ವ್ಯಕ್ತಿಗೆ ಪ್ರವಾದಿ(ಸ)ರು ಮೊದಲು ಕಟ್ಟುವಂತೆ ಹೇಳಿದ ಘಟನೆ ತಿರ್ಮಿದಿಯಲ್ಲಿದೆ, ನಿಮ್ಮ ಮಕ್ಕಳು ಮದ್ರಸಾದಲ್ಲಿ ಕಲಿತಿರುತ್ತಾರೆ. ಅಷ್ಟೇ ಮುಖ್ಯವಾದ, ಆದರೆ ಅಷ್ಟು ಪ್ರಚಾರವಿಲ್ಲದ ಇನ್ನೊಂದು ಹದೀಸ್ ಅಬೂದಾವೂದ್‌ನಲ್ಲಿದೆ. ವೈದ್ಯ ತಿಳಿಯದವನು ಚಿಕಿತ್ಸೆಗಿಳಿದರೆ ಅದರಿಂದಾಗುವ ಹಾನಿಗೆ ಅವನೇ ಹೊಣೆ ಎಂಬುದು ಅದರ ಸಾರ. ಫಿಕ್ಹ್‌ನಲ್ಲಿ ಈ ಹೊಣೆಯನ್ನು ಝಮಾನ್ ಎನ್ನುತ್ತಾರೆ. ಬ್ರೇಕು ಬಲ್ಲದವನು ಬ್ರೇಕಿಗೆ ಕೈಹಾಕಿದಾಗಲೂ ಈ ಮಾತು ಅನ್ವಯವಾಗುತ್ತದೆ ಎಂಬುದು ನನ್ನ ತಿಳಿವಳಿಕೆ. ಉದ್ದೇಶ ಒಳ್ಳೆಯದಿತ್ತು, ಖರ್ಚು ಉಳಿಸಲು ಮಾಡಿದೆ ಎಂಬುದರಿಂದ ಹೊಣೆ ತಪ್ಪುವುದಿಲ್ಲ. 1993ರಲ್ಲಿ ಬ್ರೂನೈಯಲ್ಲಿ ಸಭೆ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯು ವಾಹನ ಅಪಘಾತಗಳ ಬಗ್ಗೆಯೇ ನಿರ್ಣಯ ಮಾಡಿ, ತಡೆಯಲಾಗದ ಕಾರಣಗಳ ಹೊರತು ತನ್ನ ವಾಹನದಿಂದ ಇತರರಿಗಾಗುವ ಹಾನಿಗೆ ಚಾಲಕ ಹೊಣೆಗಾರ ಎಂದು ಹೇಳಿದೆ. ನಮ್ಮ ದೇಶದ 1988ರ ಮೋಟಾರು ವಾಹನ ಕಾಯ್ದೆಯ 190ನೇ ಕಲಮಿನಲ್ಲೂ ದೋಷವಿದೆಯೆಂದು ತಿಳಿದ ವಾಹನವನ್ನು ರಸ್ತೆಗಿಳಿಸುವುದು ಅಪರಾಧ. ಹಿಂದಿನ ಸೀಟಿನ ಮಕ್ಕಳು ಓಡಿಸುವವನ ಕೈಯಲ್ಲಿರುವ ಅಮಾನತ್ತು. ಎದುರಿನಿಂದ ನಡೆದು ಬರುವ ಸೋಲಿಗ ಕೂಲಿಯಾಳು, ಶಾಲೆಗೆ ಹೋಗುವ ಹುಡುಗಿ ಇವರೂ ಹಾಗೆಯೇ.

ಹಳೆಯ ಗಾಡಿ ಮಾರುವಾಗ ಇದು ಇನ್ನಷ್ಟು ಸ್ಪಷ್ಟ. ಮಾರುತಿ 800ರ ತಯಾರಿಕೆ 2014ರಲ್ಲಿ ನಿಂತಿತು, ಓಮ್ನಿಯದ್ದು 2019ರಲ್ಲಿ. ಆದರೂ ಇವು ನಮ್ಮೂರುಗಳಲ್ಲಿ ಕೈಯಿಂದ ಕೈಗೆ ಹೋಗುತ್ತಲೇ ಇವೆ. ಪಾಲಿಷ್ ಹೊಡೆದು, ಸೀಟಿಗೆ ಹೊಸ ಕವರ್ ಹಾಕಿ, ಪೆಡಲ್ ಕುಸಿಯುವುದನ್ನು ಹೇಳದೆ ಕೊಟ್ಟರೆ ಅದು ಮೇಲೆ ಒಣಗಿದ, ಒಳಗೆ ಒದ್ದೆಯಾದ ಆ ಧಾನ್ಯದ ರಾಶಿಯೇ ಸರಿ. ಮದೀನಾದ ಪೇಟೆಯಲ್ಲಿ ಪ್ರವಾದಿ(ಸ)ರು ಅಂಥ ರಾಶಿಯೊಳಗೆ ಕೈಹಾಕಿ ನೋಡಿದ್ದರು. ಮನೆಯವರು ಗಾಡಿ ಮಾರುತ್ತಿದ್ದರೆ ಬ್ರೇಕಿನ ಸ್ಥಿತಿಯನ್ನು ಕೊಳ್ಳುವವರಿಗೆ ಹೇಳಿಸಿ, ಬೆಲೆ ಎರಡು ಸಾವಿರ ಕಡಿಮೆಯಾದರೂ ಸರಿ. ಕೊಳ್ಳುತ್ತಿದ್ದರೆ ಮೊದಲು ಆಯಿಲ್ ಬದಲಿಸಿ, ನಾಲ್ಕೂ ಚಕ್ರ ಬಿಚ್ಚಿಸಿ ನೋಡಿ.

ಗ್ಯಾರೇಜಿಗೆ ಕೊಟ್ಟಾಗ ತೆಗೆದ ಹಳೆಯ ಪ್ಯಾಡು, ಶೂಗಳನ್ನು ಮನೆಗೆ ಕಳಿಸುವಂತೆ ಕೇಳಿ. ಪ್ರಾಮಾಣಿಕ ಮೇಸ್ತ್ರಿ ಇದರಿಂದ ಬೇಸರ ಮಾಡಿಕೊಳ್ಳುವುದಿಲ್ಲ. ಬಿಲ್ಲಿನ ಹಿಂದೆ ತಾರೀಕು, ಅಂದಿನ ಕಿಲೋಮೀಟರ್, ಆಯಿಲ್ ಬದಲಾಯಿತೋ ಇಲ್ಲವೋ ಎಂದು ಬರೆದು, ಗ್ಯಾಸ್ ಪುಸ್ತಕ, ಕರೆಂಟ್ ಬಿಲ್ಲುಗಳ ಜೊತೆ ಇಟ್ಟುಕೊಳ್ಳಿ. ಯಾರು ಗಾಡಿ ತೆಗೆದರೂ ಲೆಕ್ಕ ನಿಮ್ಮ ಬಳಿ ಇರುತ್ತದೆ.